ಖಗ್ರಾಸ ಸೂರ್ಯಗ್ರಹಣಕ್ಕೆ ಒಂದೇ ಪ್ರಯಾಣ ಸಾಧ್ಯವಿದ್ದರೆ: ಸ್ಪೇನ್, ಲಕ್ಸರ್, ಸಿಡ್ನಿ, ಕಾರ್ಗಿಲ್ – ಯಾವುದು?

ಬೆಳಕಿಂಡಿ (ಚರ್ಚೆ ಆರಂಭಿಸಿದವರು):

ಮಾನ್ಯರೇ, 1980ರ ಫೆಬ್ರವರಿ 16ರಂದು ನನಗೆ ಹನ್ನೊಂದು ವರ್ಷ. ನಮ್ಮೂರು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿದೆ. ಅಂದು ಮಧ್ಯಾಹ್ನ ಮೂರೂಮುಕ್ಕಾಲರ ಸುಮಾರಿಗೆ ಚಂದ್ರನ ದಟ್ಟ ನೆರಳು ಕಾರವಾರ–ಅಂಕೋಲಾ ಕರಾವಳಿಯಲ್ಲಿ ನೆಲ ಮುಟ್ಟಿ, ಹುಬ್ಬಳ್ಳಿ ಸೀಮೆಯನ್ನು ದಾಟಿ, ನಮ್ಮ ಮಾಳಿಗೆ ಮನೆಯ ಮೇಲೆಯೇ ಹಾದುಹೋಯಿತು. ನಾವು ನೋಡಲಿಲ್ಲ. ಬೆಂಗಳೂರಿನ ವಿಜ್ಞಾನಿಗಳು ನಮ್ಮದೇ ಸೀಮೆಯ ಜವಳಗೇರಾದಲ್ಲಿ ದೂರದರ್ಶಕಗಳನ್ನು ಹೂಡಿಕೊಂಡು ಕಾದಿದ್ದರೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಬಳಿಕ. ಅಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು; ನಮ್ಮ ಮನೆಯ ಅಗಳಿ ಹಾಕಿ ಅದರ ಮುಂದೆ ಕೂತವಳು ನನ್ನ ಅಕ್ಕ.

ಆದರೆ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಮಾಳಿಗೆಯ ಬೆಳಕಿಂಡಿಗೆ ಮುಚ್ಚಿದ್ದ ತಗಡಿನಲ್ಲಿ ಮೊಳೆ ಹೊಡೆದ ಎರಡು ತೂತುಗಳಿದ್ದವು. ದಿನವೂ ಆ ತೂತುಗಳಿಂದ ಗೋಡೆಯ ಮೇಲೆ ಎರಡು ದುಂಡನೆಯ ಬೆಳಕಿನ ಬಿಲ್ಲೆಗಳು ಬೀಳುತ್ತಿದ್ದವು. ಅಂದು ಅವು ಬಿದಿಗೆಯ ಚಂದ್ರನಂತೆ ಬಾಗಿದ್ದವು, ನೋಡನೋಡುತ್ತಿದ್ದಂತೆ ಸವೆದು ಎಳೆಯಷ್ಟಾಗಿ ಆರಿಹೋದವು. ಆಮೇಲೆ ಎರಡೂವರೆ ನಿಮಿಷಕ್ಕೂ ಮಿಗಿಲಾದ ಕತ್ತಲೆ. ಮತ್ತೆ ಎಳೆ ಮೂಡಿದಾಗ ಅದು ಎದುರು ದಿಕ್ಕಿಗೆ ಬಾಗಿತ್ತು.

ಇನ್ನು ಮೂರು ವರ್ಷಕ್ಕೆ ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತನಾಗುತ್ತೇನೆ. ಗ್ರಹಣಕ್ಕೆಂದೇ ಒಂದು ದೂರದ ಪ್ರಯಾಣ ಮಾಡುವಷ್ಟು ಹಣವನ್ನು ಬೇರೆ ತೆಗೆದಿಟ್ಟಿದ್ದೇನೆ, ಎರಡನೆಯದಕ್ಕೆ ಇಲ್ಲ. ಎಲ್ಲಿಗೆ ಹೋಗಲಿ?

ಛಾಯಾಪಥಿಕ:

ಬೆಳಕಿಂಡಿಯವರೇ, ನೀವು ಗೋಡೆಯ ಮೇಲೆ ಕಂಡದ್ದು ಸೂರ್ಯನ ಬಿಂಬವೇ. ಸಣ್ಣ ತೂತಿನ ಮೂಲಕ ಬೀಳುವ ಬೆಳಕಿನ ಬಿಲ್ಲೆ ದುಂಡಗಿರುವುದು ಸೂರ್ಯ ದುಂಡಗಿರುವುದರಿಂದಲೇ ಹೊರತು ತೂತು ದುಂಡಗಿರುವುದರಿಂದಲ್ಲ. ಹಾಗೆ ನೋಡಿದರೆ ನೀವು 1980ರ ಗ್ರಹಣವನ್ನು ಖಗ್ರಾಸ ಆರಂಭವಾಗುವವರೆಗೂ ಕಣ್ಣಿಗೆ ಯಾವ ಅಪಾಯವೂ ಇಲ್ಲದ ರೀತಿಯಲ್ಲಿ ನೋಡಿದ್ದೀರಿ. ತಪ್ಪಿದ್ದು ನಡುವಿನ ಎರಡೂವರೆ ನಿಮಿಷ ಮಾತ್ರ. ಆದರೆ ಇರುವುದೆಲ್ಲ ಆ ಎರಡೂವರೆ ನಿಮಿಷದಲ್ಲೇ ಎಂಬುದನ್ನೂ ಹೇಳದೆ ಗತಿಯಿಲ್ಲ.

ಮುಂದಿನ ಅವಕಾಶಗಳನ್ನು ಕ್ರಮವಾಗಿ ಹೇಳುತ್ತೇನೆ. 2026ರ ಆಗಸ್ಟ್ 12ರ ಗ್ರಹಣ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡಿನ ಪಶ್ಚಿಮ ಅಂಚು ಮತ್ತು ಉತ್ತರ ಸ್ಪೇನಿನಲ್ಲಿ ಖಗ್ರಾಸವಾಗಿ ಕಾಣುತ್ತದೆ. ಐಸ್‌ಲ್ಯಾಂಡಿನ ಬಳಿ ಕಡಲಿನಲ್ಲಿ ಅದರ ಗರಿಷ್ಠ ಅವಧಿ 2 ನಿಮಿಷ 18 ಸೆಕೆಂಡ್. ರೇಕ್ಯಾವಿಕ್ ನಗರದಲ್ಲಿ ಸುಮಾರು 1 ನಿಮಿಷ. ಸ್ಪೇನಿನ ಓವಿಯೆದೊ, ಲಿಯೋನ್, ಬುರ್ಗೋಸ್ ನಗರಗಳಲ್ಲಿ ಒಂದೂಮುಕ್ಕಾಲು ನಿಮಿಷದ ಆಸುಪಾಸು. 2027ರ ಆಗಸ್ಟ್ 2ರ ಗ್ರಹಣ ದಕ್ಷಿಣ ಸ್ಪೇನಿನಿಂದ ಜಿಬ್ರಾಲ್ಟರ್ ಜಲಸಂಧಿಯನ್ನು ದಾಟಿ ಮೊರಾಕ್ಕೊ, ಅಲ್ಜೀರಿಯಾ, ಟ್ಯುನೀಷಿಯಾ, ಲಿಬಿಯಾ, ಈಜಿಪ್ಟ್, ಸೌದಿ ಅರೇಬಿಯಾ, ಯೆಮೆನ್, ಸೊಮಾಲಿಯಾಗಳ ಮೇಲೆ ಸಾಗಿ ಹಿಂದೂ ಮಹಾಸಾಗರದಲ್ಲಿ ಕೊನೆಗೊಳ್ಳುತ್ತದೆ. ಅದರ ಗರಿಷ್ಠ ಅವಧಿ 6 ನಿಮಿಷ 23 ಸೆಕೆಂಡ್. ಇದನ್ನು ಮೀರಿಸುವ ಗ್ರಹಣ 2114ರವರೆಗೆ ಇಲ್ಲ. 2028ರ ಜುಲೈ 22ರದು ಆಸ್ಟ್ರೇಲಿಯಾವನ್ನು ವಾಯವ್ಯದಿಂದ ಆಗ್ನೇಯಕ್ಕೆ ಸೀಳಿ, ಸಿಡ್ನಿಯ ಮೇಲೆ ಹಾದು, ನ್ಯೂಜಿಲೆಂಡಿನ ದಕ್ಷಿಣಕ್ಕೆ ಹೋಗುತ್ತದೆ. 2030ರ ನವೆಂಬರ್ 25ರದು ನಮೀಬಿಯಾ, ಬೋಟ್ಸ್‌ವಾನಾ, ದಕ್ಷಿಣ ಆಫ್ರಿಕಾಗಳದು. 2033ರ ಮಾರ್ಚ್ 30ರದು ಅಲಾಸ್ಕಾದ ಚಳಿಯಲ್ಲಿ. ಆಮೇಲೆ 2034ರ ಮಾರ್ಚ್ 20. ಆ ಗ್ರಹಣ ನೈಜೀರಿಯಾದ ಕಡೆಯಿಂದ ಹೊರಟು ಈಜಿಪ್ಟ್, ಅರೇಬಿಯಾ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಸಂಜೆಯ ಹೊತ್ತಿಗೆ ನಮ್ಮ ಕಾರ್ಗಿಲ್ ತಲುಪುತ್ತದೆ. ಭಾರತದ ನೆಲದಿಂದ ಕಾಣುವ ಮುಂದಿನ ಖಗ್ರಾಸ ಅದೇ.

ಒಂದೇ ಪ್ರಯಾಣವೆಂದಾದರೆ ನನ್ನ ಮತ ಈಜಿಪ್ಟಿನ ಲಕ್ಸರ್‌ಗೆ. ಅವಧಿ ಹೆಚ್ಚೆಂಬ ಕಾರಣಕ್ಕಲ್ಲ, ಮೋಡವಿಲ್ಲವೆಂಬ ಕಾರಣಕ್ಕೆ. ಈ ಪಾಠವನ್ನು ನಾನು ಕಲಿತದ್ದು 2009ರ ಜುಲೈ 22ರಂದು. ಪಟ್ನಾ ಬಳಿಯ ತಾರೇಗ್ನಾದಲ್ಲಿ ಮೂರೂಮುಕ್ಕಾಲು ನಿಮಿಷದ ಖಗ್ರಾಸವಿದೆಯೆಂದು ಊರು ತುಂಬ ಜನ ಸೇರಿದ್ದರು. ಬೆಳಗಿನ ಆರೂಕಾಲು ದಾಟಿದ ಮೇಲೆ ಮೋಡದ ಹಿಂದೆಯೇ ಕತ್ತಲಾಯಿತು, ಮೋಡದ ಹಿಂದೆಯೇ ಬೆಳಗಾಯಿತು. ಅದೇ ಹೊತ್ತಿಗೆ ಅಲ್ಲಿಂದ ಪಶ್ಚಿಮಕ್ಕಿರುವ ಕಾಶಿಯ ಘಟ್ಟಗಳಲ್ಲಿ ನಿಂತವರು ಸೂರ್ಯನ ಸುತ್ತಲಿನ ಮಂದ ಬೆಳಕಿನ ಪ್ರಭಾವಲಯವನ್ನು ಕಣ್ತುಂಬ ನೋಡಿದರು. ಹಿಂದಿನ ರಾತ್ರಿ ಉಪಗ್ರಹದ ಮೋಡಚಿತ್ರ ನೋಡಿ ಬಾಡಿಗೆ ಕಾರು ಹಿಡಿದು ಕಾಶಿಗೆ ಹೋಗಬಹುದಿತ್ತು. ಆದರೆ ಹಾಸಿಗೆ ಬಿಟ್ಟೇಳಲು ಮನಸ್ಸಾಗಲಿಲ್ಲ. ಲಕ್ಸರ್‌ನಲ್ಲಿ ಆಗಸ್ಟ್ ತಿಂಗಳಲ್ಲಿ ಮಳೆಯೆಂಬುದೇ ಇಲ್ಲ; ಮೋಡ ಕಂಡರೆ ಅದೇ ಸುದ್ದಿ.

ಪುತ್ತೂರಿನ ಮೇಷ್ಟ್ರು:

ಇಷ್ಟು ದೂರ ಹೋಗುವ ಅಗತ್ಯವಿದೆಯೇ ಎಂಬುದು ನನ್ನ ಪ್ರಶ್ನೆ. 2019ರ ಡಿಸೆಂಬರ್ 26ರಂದು ನಮ್ಮ ಮಂಗಳೂರು, ಕಾಸರಗೋಡು, ಕೊಡಗಿನ ದಕ್ಷಿಣ ಭಾಗಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಮೊದಲು ಕಂಕಣ ಗ್ರಹಣವಾದಾಗ ಶಾಲೆಯ ಮಕ್ಕಳಿಗೆ ಕನ್ನಡಕ ಹಂಚಿ ತೋರಿಸಿದ್ದೆ. ಚಂದವಾಗಿಯೇ ಇತ್ತು. 2031ರ ಮೇ 21ರಂದು ಕೇರಳ ಮತ್ತು ತಮಿಳುನಾಡಿನ ದಕ್ಷಿಣದಲ್ಲಿ ಮತ್ತೊಂದು ಕಂಕಣ ಗ್ರಹಣವಿದೆಯೆಂದು ಓದಿದ್ದೇನೆ. ಬಳ್ಳಾರಿ, ರಾಯಚೂರು ಕಡೆಯವರು ರಾತ್ರಿ ರೈಲು ಹತ್ತಿದರೆ ಸಾಕಲ್ಲವೇ?

ಛಾಯಾಪಥಿಕ:

ಮೇಷ್ಟ್ರೇ, ನಿಮ್ಮ ಮಕ್ಕಳು ಪುಣ್ಯವಂತರು. ಆದರೆ ಕಂಕಣವನ್ನೂ ಖಗ್ರಾಸವನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವನು, ಸುಮಾರು 400 ಪಟ್ಟು ದೂರದಲ್ಲೂ ಇರುವವನು. ಹಾಗಾಗಿ ಆಕಾಶದಲ್ಲಿ ಇಬ್ಬರ ಅಳತೆಯೂ ಹೆಚ್ಚುಕಡಿಮೆ ಒಂದೇ. ಚಂದ್ರ ತನ್ನ ಕಕ್ಷೆಯಲ್ಲಿ ದೂರವಿದ್ದಾಗ ಒಂದಿಷ್ಟು ಸಣ್ಣದಾಗಿ ಕಂಡು, ಸುತ್ತ ಬೆಳಕಿನ ಬಳೆ ಉಳಿಯುತ್ತದೆ. 2019ರಲ್ಲಿ ಸೂರ್ಯಬಿಂಬದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಮುಚ್ಚಿತ್ತು. ಆದರೂ ನಿಮ್ಮ ಶಾಲೆಯ ಅಂಗಳದಲ್ಲಿ ಕತ್ತಲಾಗಲಿಲ್ಲ, ನಕ್ಷತ್ರ ಕಾಣಲಿಲ್ಲ, ಮಕ್ಕಳು ಒಂದು ಗಳಿಗೆಯೂ ಕನ್ನಡಕ ತೆಗೆಯುವಂತಿರಲಿಲ್ಲ. ಸೂರ್ಯನ ಪ್ರಭಾವಲಯ, ಅಂದರೆ ಕರೋನ, ಹುಣ್ಣಿಮೆಯ ಚಂದ್ರನಷ್ಟೇ ಮಂದವಾದದ್ದು. ಉಳಿದ ಎಳೆಯಷ್ಟು ಸೂರ್ಯನೂ ಅದನ್ನು ನುಂಗಿಹಾಕುತ್ತಾನೆ. ಬಿಂಬ ಪೂರ್ತಿ ಮುಚ್ಚಿದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. 2031ರ ಗ್ರಹಣಕ್ಕೆ ಖಂಡಿತ ಹೋಗಿ, ಆದರೆ ಬೆಳಕಿಂಡಿಯವರು ಕೇಳುತ್ತಿರುವುದು ಅದನ್ನಲ್ಲ.

ಡಲ್ಲಾಸ್ ನಿವಾಸಿ:

ಈ ಮಾತಿಗೆ ನನ್ನದೊಂದು ಸಾಕ್ಷಿ. 2024ರ ಏಪ್ರಿಲ್ 8ರಂದು ಖಗ್ರಾಸದ ಪಟ್ಟಿ ನಮ್ಮ ಡಲ್ಲಾಸ್ ಮೇಲೆ ಹಾದುಹೋಯಿತು. ನಮಗೆ ದಕ್ಕಿದ್ದು 3 ನಿಮಿಷ 50 ಸೆಕೆಂಡಿನ ಹತ್ತಿರ. ಹ್ಯೂಸ್ಟನ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಾ ಎಂದು ಎಷ್ಟು ಹೇಳಿದರೂ "ಇಲ್ಲೇ ಶೇಕಡಾ 94 ಇದೆಯಲ್ಲ, ಉಳಿದ ಆರಕ್ಕೋಸ್ಕರ ರಜೆ ಹಾಕಲೇ?" ಎಂದ. ಅವನಿಗೆ ಅಂದು ಕಂಡದ್ದು ಸ್ವಲ್ಪ ಮಂಕಾದ ಮಧ್ಯಾಹ್ನ. ನಮ್ಮ ಮನೆಯ ಹಿಂಬದಿಯಲ್ಲಿ ಮೊದಲು ಗಾಳಿ ತಣ್ಣಗಾಯಿತು, ನೈಋತ್ಯ ದಿಕ್ಕಿನಿಂದ ಕಪ್ಪು ಬೆಟ್ಟವೊಂದು ಎದ್ದು ಬಂದಂತಾಯಿತು, ಬೀದಿದೀಪಗಳು ತಾವಾಗಿಯೇ ಹತ್ತಿಕೊಂಡವು. ಅಂಚಿನಲ್ಲಿ ಕೊನೆಯ ಬೆಳಕು ವಜ್ರದುಂಗುರದ ಹರಳಿನಂತೆ ಮಿನುಗಿ ಆರಿದ ಮೇಲೆ, ಸೂರ್ಯನಿದ್ದ ಜಾಗದಲ್ಲಿ ಕಪ್ಪು ರಂಧ್ರ, ಅದರ ಸುತ್ತ ಬಿಳಿಯ ಎಸಳುಗಳು, ಕೆಳ ಅಂಚಿನಲ್ಲಿ ಒಂದು ಗುಲಾಬಿ ಬಣ್ಣದ ಚುಕ್ಕೆ. ನನ್ನ ಅತ್ತೆಯವರು ಅದುವರೆಗೂ ಒಳಗೆ ಜಪ ಮಾಡುತ್ತಿದ್ದವರು ಸದ್ದು ಕೇಳಿ ಹೊರಗೆ ಬಂದು, ನೋಡಿ, ಏನೂ ಹೇಳದೆ ನಿಂತುಬಿಟ್ಟರು.

ಹಾಗಾಗಿ ಪಟ್ಟಿಯ ಒಳಗೆ ನಿಲ್ಲಬೇಕು, ಹೊರಗಲ್ಲ. 2026ರಲ್ಲಿ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಎರಡೂ ಪಟ್ಟಿಯಿಂದ ಸ್ವಲ್ಪದರಲ್ಲೇ ಹೊರಗುಳಿಯುತ್ತವೆ ಎಂಬುದನ್ನು ಸ್ಪೇನಿಗೆ ಹೊರಟವರು ಗಮನಿಸಬೇಕು. ವಿಮಾನ ಇಳಿದ ಊರಿನಲ್ಲೇ ಉಳಿದರೆ ನಮ್ಮ ಹ್ಯೂಸ್ಟನ್ ತಮ್ಮನ ಕಥೆಯೇ ಆಗುತ್ತದೆ.

ಬೆಳಕಿಂಡಿ:

ಎಲ್ಲರಿಗೂ ಕೃತಜ್ಞತೆಗಳು. ಸ್ಪೇನಿನ ವಿಷಯದಲ್ಲಿ ಇನ್ನೊಂದು ಸಂದೇಹವಿದೆ. ಅಲ್ಲಿ ಗ್ರಹಣವಾಗುವುದು ಸೂರ್ಯಾಸ್ತಕ್ಕೆ ಹತ್ತಿರ ಎಂದು ಕೇಳಿದೆ. ಅದು ಅನುಕೂಲವೋ ಅನನುಕೂಲವೋ?

ಛಾಯಾಪಥಿಕ:

ಎರಡೂ ಹೌದು. ಅಲ್ಲಿನ ಗಡಿಯಾರದಲ್ಲಿ ರಾತ್ರಿ ಎಂಟೂವರೆಯ ಆಸುಪಾಸಿನಲ್ಲಿ ಖಗ್ರಾಸ. ಬೇಸಿಗೆಯ ಸ್ಪೇನಿನಲ್ಲಿ ಸೂರ್ಯ ಮುಳುಗುವುದು ಅದಾದ ಮೇಲೆ. ಕೈಯನ್ನು ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಬುರ್ಗೋಸ್‌ನಲ್ಲಿ ಸೂರ್ಯ ದಿಗಂತದ ಮೇಲೆ ಒಂದು ಮುಷ್ಟಿಗಿಂತಲೂ ತುಸು ಕಡಿಮೆ ಎತ್ತರದಲ್ಲಿರುತ್ತಾನೆ. ಮಯೋರ್ಕಾ ದ್ವೀಪದ ಪಾಲ್ಮಾಕ್ಕೆ ಬರುವಷ್ಟರಲ್ಲಿ ಎರಡು ಬೆರಳಿನ ಅಗಲವಷ್ಟೇ ಉಳಿಯುತ್ತದೆ. ದಿಗಂತದ ಮೇಲೆ ತೂಗುವ ಕಪ್ಪು ಸೂರ್ಯನ ನೋಟ ಮನೋಹರವೇ, ಆದರೆ ಪಶ್ಚಿಮಕ್ಕೆ ಒಂದು ಗುಡ್ಡವೋ ಒಂದು ಕಟ್ಟಡವೋ ಅಡ್ಡವಿದ್ದರೆ ಎಲ್ಲವೂ ಮುಗಿಯಿತು. ದಿಗಂತದ ಬಳಿ ತೆಳುಮೋಡವೂ ದಟ್ಟವಾಗಿಯೇ ಕಾಣುತ್ತದೆ. ಸ್ಪೇನಿಗೇ ಹೋಗುವವರು ಕಡಲತೀರಕ್ಕಿಂತ ಒಳನಾಡಿನ ಪ್ರಸ್ಥಭೂಮಿಯನ್ನು ಆರಿಸಿಕೊಳ್ಳುವುದು ಲೇಸು. ಒಂದು ಬೋನಸ್ಸೂ ಇದೆ: ಅದೇ ರಾತ್ರಿ ಪರ್ಸೀಯಿಡ್ ಉಲ್ಕಾವರ್ಷದ ಉಚ್ಛ್ರಾಯ, ಅಮಾವಾಸ್ಯೆಯಾದ್ದರಿಂದ ಬೆಳದಿಂಗಳ ಕಾಟವೂ ಇಲ್ಲ.

ಭಟ್ಕಳ–ಜೆಡ್ಡಾ:

ಲಕ್ಸರ್ ಎಂದು ಎಲ್ಲರೂ ಹೇಳುತ್ತಿದ್ದೀರಿ, ನಮ್ಮ ಜೆಡ್ಡಾವನ್ನು ಯಾರೂ ನೆನೆಯುತ್ತಿಲ್ಲ. ಭಟ್ಕಳ, ಮಂಗಳೂರು, ಉಡುಪಿ ಕಡೆಯ ಸಾವಿರಾರು ಮನೆಗಳವರು ಇಲ್ಲಿ ಕೆಲಸದಲ್ಲಿದ್ದಾರೆ, ಬಂಧುಗಳ ಮನೆಯಲ್ಲಿ ಉಳಿಯುವ ಅನುಕೂಲವಿದೆ. 2027ರ ಆಗಸ್ಟ್ 2ರ ಸೋಮವಾರ ಮಧ್ಯಾಹ್ನ ಒಂದೂಕಾಲು ದಾಟಿದ ಮೇಲೆ ಜೆಡ್ಡಾದಲ್ಲಿ ಸುಮಾರು 6 ನಿಮಿಷ ಖಗ್ರಾಸ. ಪವಿತ್ರ ಮೆಕ್ಕಾ ನಗರದಲ್ಲೂ 5 ನಿಮಿಷ ಮೀರಿದ ಖಗ್ರಾಸವಿದೆ. ಅಲ್ಲಿಗೆ ಮುಸ್ಲಿಮೇತರರಿಗೆ ಪ್ರವೇಶವಿಲ್ಲದಿದ್ದರೂ ಜೆಡ್ಡಾಕ್ಕೆ ಯಾರೂ ಬರಬಹುದು.

ಅನಾನುಕೂಲವನ್ನೂ ಮುಚ್ಚಿಡುವುದಿಲ್ಲ. ಆಗಸ್ಟಿನ ಜೆಡ್ಡಾದಲ್ಲಿ ಬಿಸಿಲಿನ ಜೊತೆಗೆ ಕೆಂಪು ಸಮುದ್ರದ ಹಸಿ ಸೆಕೆ. ಹವಾನಿಯಂತ್ರಿತ ಕಾರಿನಿಂದ ಕ್ಯಾಮೆರಾ ಹೊರತೆಗೆದ ಕೂಡಲೇ ಮಸೂರದ ಮೇಲೆ ಮಂಜು ಕೂರುತ್ತದೆ, ಒರೆಸಿದರೆ ಮತ್ತೆ ಕೂರುತ್ತದೆ. ಅರ್ಧ ಗಂಟೆ ಮೊದಲೇ ಹೊರಗಿಟ್ಟು ಬಿಸಿಯಾಗಲು ಬಿಡಬೇಕು. ಲಕ್ಸರ್‌ನದು ಒಣ ಬಿಸಿಲು, ಆ ತೊಂದರೆ ಅಲ್ಲಿಲ್ಲ. ನಮ್ಮಲ್ಲಿ ಗ್ರಹಣದ ವೇಳೆ ಕುಸೂಫ್ ಎಂಬ ವಿಶೇಷ ನಮಾಜ್ ಇದೆ. ಬಹಳ ಮಂದಿ ಆ ಹೊತ್ತಿಗೆ ಮಸೀದಿಯಲ್ಲಿರುತ್ತಾರೆ. ಪ್ರವಾದಿಯವರ ಎಳೆಯ ಮಗ ಇಬ್ರಾಹೀಮ್ ತೀರಿಕೊಂಡ ದಿನ ಗ್ರಹಣವಾದಾಗ ಜನರು ಎರಡನ್ನೂ ತಳುಕು ಹಾಕಿದರೆಂದೂ, ಸೂರ್ಯಚಂದ್ರರಿಗೆ ಗ್ರಹಣ ಹಿಡಿಯುವುದು ಯಾರ ಹುಟ್ಟುಸಾವಿಗಾಗಿಯೂ ಅಲ್ಲವೆಂದು ಅವರು ತಿದ್ದಿದರೆಂದೂ ಹದೀಸ್‌ನಲ್ಲಿದೆ. ನಾನಂತೂ ನಮಾಜ್ ಮುಗಿಸಿ ಕೊನೆಯ ಎರಡು ನಿಮಿಷವಾದರೂ ಅಂಗಳದಲ್ಲಿ ನಿಲ್ಲುವ ಲೆಕ್ಕಾಚಾರದಲ್ಲಿದ್ದೇನೆ.

ಬೆಳಕಿಂಡಿ:

ಭಟ್ಕಳದ ಗೆಳೆಯರ ಆಹ್ವಾನಕ್ಕೆ ಋಣಿ. ನಮ್ಮ ಮನೆಯಲ್ಲಿ ಒಂದು ತೊಡಕು ಎದ್ದಿದೆ. ಕ್ಯಾಲೆಂಡರು ಲೆಕ್ಕ ಹಾಕಿದಾಗ 2027ರ ಆಗಸ್ಟ್ 2 ಆಷಾಢ ಬಹುಳ ಅಮಾವಾಸ್ಯೆ, ಅಂದರೆ ಭೀಮನ ಅಮಾವಾಸ್ಯೆ ಎಂದು ತಿಳಿಯಿತು. ಗಂಡನ ಪೂಜೆಯ ದಿನ ಗಂಡನೇ ಈಜಿಪ್ಟಿನಲ್ಲಿದ್ದರೆ ಹೇಗೆ ಎಂದು ನನ್ನ ಹೆಂಡತಿ ಕೇಳುತ್ತಿದ್ದಾಳೆ. ನಗಬೇಡಿ, ಮನೆಯೊಳಗೆ ಇದು ನಿಜವಾದ ಪ್ರಶ್ನೆ.

ಛಾಯಾಪಥಿಕ:

ನಗುತ್ತಿಲ್ಲ, ಬದಲಾಗಿ ನಿಮ್ಮ ಶ್ರೀಮತಿಯವರಿಗೆ ಒಂದು ವಿಶೇಷವನ್ನು ತಿಳಿಸಿ. 2026, 2027, 2028ರ ಮೂರೂ ಗ್ರಹಣಗಳು ಆಷಾಢದ ಅಮಾವಾಸ್ಯೆಯಲ್ಲೇ ಸಂಭವಿಸುತ್ತವೆ. ಆಗಸ್ಟ್ 12, ಆಗಸ್ಟ್ 2, ಜುಲೈ 22: ಒಂದರಿಂದ ಮತ್ತೊಂದಕ್ಕೆ ಸರಿಯಾಗಿ ಹನ್ನೆರಡು ಚಾಂದ್ರಮಾಸಗಳ ಅಂತರ, ನಡುವೆ ಅಧಿಕಮಾಸವಿಲ್ಲ. ಹಾಗಾಗಿ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಹತ್ತು ಹನ್ನೊಂದು ದಿನ ಹಿಂದೆ ಸರಿದಂತೆ ಕಾಣುವ ಗ್ರಹಣ ನಮ್ಮ ಪಂಚಾಂಗದಲ್ಲಿ ಇದ್ದಲ್ಲೇ ಇದೆ. 2009ರದೂ ಆಷಾಢ ಅಮಾವಾಸ್ಯೆಯೇ. ಅವರನ್ನೂ ಕರೆದುಕೊಂಡು ಹೋದರೆ ಸಮಸ್ಯೆ ಬಗೆಹರಿಯುತ್ತದೆ. ಖರ್ಚಿನ ಸಮಸ್ಯೆ ಬೇರೆ.

ಆಚರಣೆಯ ಬಗ್ಗೆ ಕೇಳುವವರಿಗೂ ಒಂದು ಮಾತು. 2026ರದು ಭಾರತದಲ್ಲಿ ಕಾಣುವುದೇ ಇಲ್ಲ. ಕಾಣದ ಗ್ರಹಣಕ್ಕೆ ಆಚರಣೆಯಿಲ್ಲ ಎಂದು ಪಂಚಾಂಗದವರೇ ಬರೆಯುತ್ತಾರೆ. 2027ರದು ಕರ್ನಾಟಕದಲ್ಲಿ ಸಂಜೆ ಐದರ ಆಸುಪಾಸಿನಲ್ಲಿ ಪಾರ್ಶ್ವ ಗ್ರಹಣವಾಗಿ ಕಾಣಬೇಕು, ಮುಂಗಾರಿನ ಮೋಡ ಬಿಟ್ಟುಕೊಟ್ಟರೆ.

ಗದಗಿನವ:

ನಾನು ಬೇರೆಯದೇ ಮಾತು ಹೇಳುತ್ತೇನೆ. ನಮ್ಮ ದೇಶದಲ್ಲೇ, ಕಾರ್ಗಿಲ್‌ನಲ್ಲಿ, 2034ರಲ್ಲಿ ಖಗ್ರಾಸ ಕಾಣುತ್ತದೆ ಎಂದ ಮೇಲೆ ವೀಸಾ, ಡಾಲರ್, ಪರದೇಶದ ಊಟ ಇವೆಲ್ಲ ಯಾಕೆ? ಎಂಟು ವರ್ಷ ಕಾದರೆ ಆಯಿತು. ಐವತ್ತು ವರ್ಷ ಕಾದವರಿಗೆ ಎಂಟು ವರ್ಷ ಹೆಚ್ಚೇನಲ್ಲ.

ಛಾಯಾಪಥಿಕ:

ಗದಗಿನವರೇ, ನಿಮ್ಮ ಮಾತಿಗೆ ನಿಮಗೇ ಗೊತ್ತಿಲ್ಲದ ಒಂದು ಬಲವಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಗ್ರಹಣಗಳು 18 ವರ್ಷ 11 ದಿನ 8 ಗಂಟೆಗೊಮ್ಮೆ ಹೆಚ್ಚುಕಡಿಮೆ ಅದೇ ಸ್ವರೂಪದಲ್ಲಿ ಮರಳುತ್ತವೆ. ಈ ಚಕ್ರಕ್ಕೆ ಸರೋಸ್ ಎಂದು ಹೆಸರು. ಆ ಎಂಟು ಗಂಟೆಯಲ್ಲಿ ಭೂಮಿ ಮೂರನೆಯ ಒಂದು ಭಾಗ ಹೆಚ್ಚಾಗಿ ತಿರುಗಿರುವುದರಿಂದ ಗ್ರಹಣದ ದಾರಿ 120 ಡಿಗ್ರಿ ಪಶ್ಚಿಮಕ್ಕೆ ಜರುಗುತ್ತದೆ. 2009ರಲ್ಲಿ ತಾರೇಗ್ನಾದಲ್ಲಿ ನನ್ನ ಕೈತಪ್ಪಿದ ಗ್ರಹಣವೇ 2027ರಲ್ಲಿ ಲಕ್ಸರ್‌ಗೆ ಬರುತ್ತಿರುವುದು; ಅದಕ್ಕೂ ಹಿಂದೆ 1991ರಲ್ಲಿ ಅದು ಹವಾಯಿ, ಮೆಕ್ಸಿಕೊಗಳದಾಗಿತ್ತು. ಮೂರು ಸರೋಸ್ ಕಳೆದರೆ ಮೂರು ಎಂಟು ಇಪ್ಪತ್ತನಾಲ್ಕು ಗಂಟೆಯಾಗಿ, ಗ್ರಹಣ ಮತ್ತೆ ಅದೇ ರೇಖಾಂಶದ ಸೀಮೆಗೆ ಬರುತ್ತದೆ. 1980ರ ಫೆಬ್ರವರಿ 16, 1998ರ ಫೆಬ್ರವರಿ 26, 2016ರ ಮಾರ್ಚ್ 9, ಆಮೇಲೆ 2034ರ ಮಾರ್ಚ್ 20. ಬೆಳಕಿಂಡಿಯವರ ಮನೆಯ ಮೇಲೆ ಹಾದುಹೋದ ಗ್ರಹಣವೇ ಐವತ್ತನಾಲ್ಕು ವರ್ಷಗಳ ಬಳಿಕ, ಒಂದಿಷ್ಟು ಉತ್ತರಕ್ಕೆ ಸರಿದು, ಕಾರ್ಗಿಲ್‌ಗೆ ಬರುತ್ತಿದೆ. ಗರಿಷ್ಠ ಅವಧಿಯೂ ಆಗಿನಂತೆಯೇ ನಾಲ್ಕು ನಿಮಿಷ ಚಿಲ್ಲರೆ.

ಇಷ್ಟು ಹೇಳಿದ ಮೇಲೂ ಒಂದೇ ಪ್ರಯಾಣವಿರುವವರಿಗೆ ನಾನು ಕಾರ್ಗಿಲ್ ಸೂಚಿಸಲಾರೆ. ಅದು ಮಾರ್ಚ್ ತಿಂಗಳು, 2,600 ಮೀಟರ್ ಮೀರಿದ ಎತ್ತರ. ಶ್ರೀನಗರದ ಕಡೆಯಿಂದ ಹೋಗುವ ಜೋಜಿಲಾ ಕಣಿವೆ ಚಳಿಗಾಲದಲ್ಲಿ ಹಿಮಬಿದ್ದು ಮುಚ್ಚುವ ದಾರಿ; ಅಲ್ಲಿ ಕೊರೆಯುತ್ತಿರುವ ಸುರಂಗ ಆ ಹೊತ್ತಿಗೆ ತೆರೆದಿದ್ದರೆ ಒಳ್ಳೆಯದು, ಇಲ್ಲವಾದರೆ ಲೇಹ್‌ಗೆ ವಿಮಾನದಲ್ಲಿ ಹೋಗಿ, ಎರಡು ದಿನ ಎತ್ತರಕ್ಕೆ ಒಗ್ಗಿಕೊಂಡು, ಇನ್ನೂರು ಕಿಲೋಮೀಟರ್ ಬೆಟ್ಟದ ರಸ್ತೆಯಲ್ಲಿ ಬರಬೇಕು. ಸಂಜೆಯ ಗ್ರಹಣವಾದ್ದರಿಂದ ಸೂರ್ಯ ಪಶ್ಚಿಮಕ್ಕೆ ಇಳಿದಿರುತ್ತಾನೆ, ಪಶ್ಚಿಮದಲ್ಲಿ ಹಿಮಾಲಯವೇ ನಿಂತಿರುತ್ತದೆ. ಕಣಿವೆಯ ತಳದಲ್ಲಿ ನಿಂತರೆ ಚಂದ್ರನಿಗಿಂತ ಮೊದಲು ಬೆಟ್ಟವೇ ಸೂರ್ಯನನ್ನು ಮರೆಮಾಡಬಹುದು. ಮೊದಲೇ ಹೋಗಿ ಜಾಗ ಗುರುತಿಸಿಟ್ಟುಕೊಳ್ಳುವ ಗಟ್ಟಿಗರಿಗೆ ಅದು ಹೇಳಿ ಮಾಡಿಸಿದ ಗ್ರಹಣ.

ಗದಗಿನವ:

ಒಪ್ಪಿದೆ. ಆದರೆ ನಾನು ಕಾರ್ಗಿಲ್‌ಗೇ ಹೋಗುವವನು. 1980ರಲ್ಲಿ ನಾನಿನ್ನೂ ಹುಟ್ಟಿರಲಿಲ್ಲ, ಹಿರಿಯರ ಬಾಯಲ್ಲಿ ಕೇಳಿಯಷ್ಟೇ ಬಲ್ಲೆ. ಬೀದಿಯಲ್ಲಿ ನಾಯಿಯೂ ಇರಲಿಲ್ಲವಂತೆ. ಪಟ್ಟಣಗಳಲ್ಲಿ ಜನ ಹೊರಗೆ ಬರದಿರಲೆಂದು ದೂರದರ್ಶನದಲ್ಲಿ ಸಿನಿಮಾ ಹಾಕಿದ್ದರಂತೆ.

ಪುತ್ತೂರಿನ ಮೇಷ್ಟ್ರು:

ಈ ಮಾತಿಗೊಂದು ಹಳೆಯ ಸಂಗತಿ ಸೇರಿಸುತ್ತೇನೆ. ಇಂದು ನಾವು ಗ್ರಹಣಕ್ಕಾಗಿ ಪರದೇಶಕ್ಕೆ ಹೋಗುವ ಮಾತಾಡುತ್ತಿದ್ದೇವೆ. ಆಗ ಪರದೇಶದವರೇ ನಮ್ಮಲ್ಲಿಗೆ ಬರುತ್ತಿದ್ದರು. 1868ರ ಆಗಸ್ಟ್ 18ರ ಗ್ರಹಣವನ್ನು ಬ್ರಿಟಿಷ್ ಅಧಿಕಾರಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ನೋಡಿದ್ದು ನಮ್ಮ ಜಮಖಂಡಿಯಿಂದ. ಅದೇ ದಿನ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್ ಗುಂಟೂರಿನಲ್ಲಿದ್ದರು. ಸೂರ್ಯನ ಅಂಚಿನ ಬೆಳಕಿನಲ್ಲಿ ಆಗ ಗುರುತಿಸಿದ ಹಳದಿ ಗೆರೆಯೇ ಮುಂದೆ ಹೀಲಿಯಂ ಎಂಬ ಮೂಲವಸ್ತುವಿನ ಶೋಧಕ್ಕೆ ದಾರಿಯಾಯಿತು. 1871ರ ಡಿಸೆಂಬರ್ 12ರ ಗ್ರಹಣಕ್ಕೆ ಇಂಗ್ಲೆಂಡಿನ ಖಗೋಳವಿಜ್ಞಾನಿ ಲಾಕ್ಯರ್ ಬಂದಿಳಿದದ್ದು ಬೇಕಲ ಕೋಟೆಗೆ. ಆಗ ಅದು ದಕ್ಷಿಣ ಕನ್ನಡ ಜಿಲ್ಲೆಯದೇ ಊರು.

ಸಿಡ್ನಿ ಕನ್ನಡತಿ:

ನಮ್ಮೂರಿನ ಪರವಾಗಿ ಯಾರೂ ವಾದಿಸದ ಕಾರಣ ನಾನೇ ಬರೆಯುತ್ತಿದ್ದೇನೆ. 2028ರ ಜುಲೈ 22 ಶನಿವಾರ. ಮಧ್ಯಾಹ್ನ ಎರಡು ಗಂಟೆಗೆ ಸಿಡ್ನಿ ನಗರದಲ್ಲಿ 3 ನಿಮಿಷ 48 ಸೆಕೆಂಡ್ ಖಗ್ರಾಸ. 1857ರ ನಂತರ ಈ ನಗರಕ್ಕೆ ಇದೇ ಮೊದಲು. ಊರಿನಿಂದ ಬರುವ ಅಪ್ಪ ಅಮ್ಮಂದಿರಿಗೆ ನಾನು ಹೇಳುತ್ತಿರುವುದಿಷ್ಟೇ: ಜುಲೈ ನಮಗೆ ಚಳಿಗಾಲ, ಸ್ವೆಟರ್ ತನ್ನಿ, ಇಲ್ಲಿ ಮಧ್ಯಾಹ್ನದ ಸೂರ್ಯ ಉತ್ತರ ದಿಕ್ಕಿನಲ್ಲಿರುತ್ತಾನೆ, ದಕ್ಷಿಣಕ್ಕೆ ಮುಖ ಮಾಡಿ ಹುಡುಕಬೇಡಿ. ಗ್ರಹಣದ ಹೊತ್ತಿಗೆ ವಾಯವ್ಯಕ್ಕೆ ವಾಲಿ ಮೂರು ಮುಷ್ಟಿ ಎತ್ತರದಲ್ಲಿರುತ್ತಾನೆ. ಮೋಡದ ಭಯವಿರುವವರು ವಾಯವ್ಯದ ಕಿಂಬರ್ಲಿ ಪ್ರದೇಶಕ್ಕೆ ಹೋಗಬೇಕು, ಅಲ್ಲಿ ಅದು ಒಣ ಋತು. ಆದರೆ ಅಲ್ಲಿ ಊರಿಗೂ ಊರಿಗೂ ನಡುವೆ ನೂರಾರು ಕಿಲೋಮೀಟರ್ ಬಯಲು. ಮಕ್ಕಳು ಮೊಮ್ಮಕ್ಕಳು ಸಿಡ್ನಿಯಲ್ಲಿರುವವರಿಗೆ ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು. ನೆಪವಿಲ್ಲದವರಿಗೆ ನಾನೂ ಲಕ್ಸರ್ ಎಂದೇ ಹೇಳುತ್ತೇನೆ.

ಡಲ್ಲಾಸ್ ನಿವಾಸಿ:

ಕನ್ನಡಕದ ವಿಷಯ ಯಾರೂ ಬರೆದಿಲ್ಲ. ಐಎಸ್‌ಒ 12312-2 ಎಂಬ ಅಂತರರಾಷ್ಟ್ರೀಯ ಮಾನದಂಡದ ಗುರುತಿರುವ ಗ್ರಹಣ ಕನ್ನಡಕವನ್ನು ನಂಬಿಕೆಯ ಕಡೆ ಕೊಳ್ಳಬೇಕು. ಎಕ್ಸ್‌ರೇ ಹಾಳೆ, ಮಸಿ ಬಳಿದ ಗಾಜು, ಸಗಣಿ ನೀರಿನ ತಟ್ಟೆ ಯಾವುದೂ ಸಲ್ಲದು. ಅವು ಬೆಳಕನ್ನು ತಗ್ಗಿಸಿ ಕಣ್ಣಿಗೆ ಹಿತವೆನಿಸಿದರೂ ಕಾಣದ ಅವಕೆಂಪು ಕಿರಣಗಳನ್ನು ತಡೆಯುವ ಭರವಸೆಯಿಲ್ಲ. ಖಗ್ರಾಸ ಪೂರ್ತಿಯಾದ ಮೇಲೆ ಕನ್ನಡಕ ತೆಗೆಯಲೇಬೇಕು, ಇಲ್ಲವಾದರೆ ಏನೂ ಕಾಣದು. ಮರಳಿ ಮೊದಲ ಹರಳು ಮಿಂಚಿದೊಡನೆ ಹಾಕಿಕೊಳ್ಳಲೇಬೇಕು. ಫೋಟೊ ತೆಗೆಯುವ ಆಸೆಯನ್ನು ಮೊದಲ ಸಲ ನೋಡುವವರು ಬಿಟ್ಟುಬಿಡಿ ಎಂಬುದು ನನ್ನ ಕೋರಿಕೆ. ನಾನು ಒಂದೂವರೆ ನಿಮಿಷವನ್ನು ಫೋಕಸ್ ಸರಿಮಾಡುವುದರಲ್ಲೇ ಕಳೆದೆ.

ಬೆಳಕಿಂಡಿ:

ತೀರ್ಮಾನ ಮಾಡಿದ್ದೇನೆ. ಮೂರು ದಿನ ಕಾರ್ಗಿಲ್‌ನ ಕಡೆಗೇ ಮನಸ್ಸು ಎಳೆಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ನಮ್ಮ ಮನೆಯ ಮೇಲೆ ಹಾದುಹೋದದ್ದೇ ಮರಳಿ ಬರುತ್ತಿದೆ ಎಂಬ ಮಾತು ತಲೆಯಿಂದ ಇಳಿಯಲಿಲ್ಲ. ನಿನ್ನೆ ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅಂದು ಅಗಳಿಯ ಮುಂದೆ ಕೂತವಳಿಗೆ ಆಗ ಹದಿನೇಳು ವರ್ಷ. 2034ಕ್ಕೆ ಎಪ್ಪತ್ತೊಂದಾಗುತ್ತದೆ, ಈಗಲೇ ಎರಡು ಮಹಡಿ ಹತ್ತಿದರೆ ಏದುಸಿರು. "ನನ್ನನ್ನೂ ಕರಕೊಂಡು ಹೋಗ್ತೀಯೇನು?" ಎಂದಳು. ಹಾಗಾಗಿ ಲಕ್ಸರ್. ಹೆಂಡತಿ ಭೀಮನ ಅಮಾವಾಸ್ಯೆಯ ಪೂಜೆಯನ್ನು ಮುಂಜಾನೆಯೇ ವಿಡಿಯೊ ಕರೆಯಲ್ಲಿ ಮಾಡುತ್ತೇನೆಂದು ಅನುಮತಿ ಕೊಟ್ಟಿದ್ದಾಳೆ. ವಿಮಾನದ ಎತ್ತರ ಅವಳಿಗೆ ಆಗದು.

ಇನ್ನೊಂದು ವಿಷಯ. ಹಳೆಯ ಮನೆ ಕೆಡವಿ ಆರ್‌ಸಿಸಿ ಹಾಕಿಸಿದಾಗ ಬೆಳಕಿಂಡಿಯ ಆ ತಗಡು ದನದ ಕೊಟ್ಟಿಗೆಗೆ ಹೋಯಿತು, ಈಗಲೂ ಅಲ್ಲೇ ಇದೆ. ಅದರ ಒಂದು ತುಂಡು ಕತ್ತರಿಸಿ ತೆಗೆದುಕೊಂಡು ಹೋದರೆ ಅಲ್ಲಿ ಉಪಯೋಗಕ್ಕೆ ಬರುವುದೇ?

ಛಾಯಾಪಥಿಕ:

ಧಾರಾಳವಾಗಿ ಬರುತ್ತದೆ, ಅಂಚನ್ನು ಅರದಿಂದ ಉಜ್ಜಿ, ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ, ಇಲ್ಲವಾದರೆ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ಲಕ್ಸರ್‌ನಲ್ಲಿ ಖಗ್ರಾಸದ ಹೊತ್ತು ಮಧ್ಯಾಹ್ನ ಒಂದು ಗಂಟೆ ದಾಟಿದ ಕೂಡಲೇ, ಸೂರ್ಯ ಬಹುತೇಕ ನೆತ್ತಿಯ ಮೇಲೆಯೇ ಇರುತ್ತಾನೆ. ಕತ್ತು ನೋಯದಂತೆ ಮಲಗಿ ನೋಡಲು ಒಂದು ಚಾಪೆ, ತಲೆಗೆ ಒದ್ದೆ ಟವೆಲು, ಅಕ್ಕನವರಿಗೆ ಒಂದು ಛತ್ರಿ ಇರಲಿ. ಅಲ್ಲಿನ ಆಗಸ್ಟಿನ ಮಧ್ಯಾಹ್ನ 40 ಡಿಗ್ರಿ ದಾಟುವುದು ಮಾಮೂಲು. ಕೋಣೆಯನ್ನು ಈಗಲೇ ಕಾದಿರಿಸಿ, ಜಗತ್ತಿನ ಗ್ರಹಣಪ್ರಿಯರೆಲ್ಲ ಕಣ್ಣಿಟ್ಟಿರುವ ಊರು ಅದು.

ತಗಡನ್ನು ನೆಲಕ್ಕೆ ಸಮನಾಗಿ, ಒಂದು ಮೀಟರಿನಷ್ಟು ಎತ್ತರಕ್ಕೆ ಹಿಡಿಯಿರಿ. ಕೆಳಗೆ ಬಿಳಿಯ ಕಾಗದ ಹಾಸಿದರೆ ಬಿಂಬ ಸುಮಾರು 9 ಮಿಲಿಮೀಟರ್ ಅಗಲ ಬೀಳುತ್ತದೆ. ನಿಮ್ಮ ಮನೆಯಲ್ಲಿ ಸೂರ್ಯ ಪಶ್ಚಿಮಕ್ಕೆ ಓರೆಯಾಗಿದ್ದುದರಿಂದ ಗೋಡೆಯ ಮೇಲಿನ ಚಂದ್ರರು ಒಂದಿಷ್ಟು ಎಳೆದಂತೆ ಉದ್ದವಾಗಿದ್ದಿರಬೇಕು. ಇಲ್ಲಿ ಅವು ಸರಿಯಾದ ಆಕಾರದಲ್ಲಿ ಬೀಳುತ್ತವೆ. ಮೊಳೆಯ ತೂತು ಮೂರು ಮಿಲಿಮೀಟರಿಗಿಂತ ದೊಡ್ಡದಾಗಿದ್ದರೆ ಬಿಂಬ ಮಸುಕಾಗುತ್ತದೆ, ಅಳೆದು ನೋಡಿ ತಿಳಿಸಿ.

ಬೆಳಕಿಂಡಿ:

ಅಳೆದೆ. ಒಂದು ತೂತು ತುಕ್ಕು ತಿಂದು ಅಗಲವಾಗಿದೆ. ಇನ್ನೊಂದು ಎರಡೂವರೆ ಮಿಲಿಮೀಟರ್ ಇದೆ.